ಡಾಲಿಯ ಚಿತ್ರಗಳು: ಬಾರ್ಸಿಲೋನಾಕ್ಕೆ ಹೋದಾಗ ಏನು ನೋಡಬೇಕು, ಹೇಗೆ ನೋಡಬೇಕು?

ಸರಸ್ವತಿಪುರಂ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದೇವೆ. ಜೊತೆಗೆ ಮಗ ಬರುತ್ತಾನೆ. ಪಿಯುಸಿ ಮುಗಿಸಿದ್ದಾನೆ, ಚಿತ್ರ ಬಿಡಿಸುವ ಹುಚ್ಚು ಜಾಸ್ತಿ. ಅವನ ಕೋಣೆಯಲ್ಲಿ ಸಾಲ್ವಡಾರ್ ಡಾಲಿಯ ಕರಗುವ ಗಡಿಯಾರಗಳ ಪೋಸ್ಟರ್ ಅಂಟಿಸಿಕೊಂಡಿದ್ದಾನೆ. "ಅಲ್ಲಿವರೆಗೆ ಹೋಗಿ ಅದನ್ನು ನೋಡದೆ ಬರಲ್ಲ" ಅಂತ ಈಗಲೇ ಹಟ ಹಿಡಿದಿದ್ದಾನೆ.

ಡಾಲಿ ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತದವನೇ ಅಲ್ವಾ? ಹಾಗಾದರೆ ಆ ಚಿತ್ರ ಬಾರ್ಸಿಲೋನಾದಲ್ಲೇ ಇದೆಯೇ, ಅಥವಾ ಬೇರೆ ಊರಿಗೆ ಹೋಗಬೇಕೇ?

ಇನ್ನೊಂದು ಪ್ರಶ್ನೆ ನನ್ನದು. ಡಾಲಿಯ ಚಿತ್ರದ ಮುಂದೆ ನಿಂತರೆ ಎಲ್ಲಿಂದ ನೋಡಲು ಶುರು ಮಾಡಬೇಕು ಅಂತಲೇ ನನಗೆ ತಿಳಿಯುವುದಿಲ್ಲ. ಇರುವೆ, ಊರುಗೋಲು, ಮೊಟ್ಟೆ, ಕಡ್ಡಿಯಂಥ ಕಾಲಿನ ಆನೆ. ಇರುವೆ ಅಂದರೆ ಸಾವು, ಮೊಟ್ಟೆ ಅಂದರೆ ಹುಟ್ಟು ಅಂತ ನೆಟ್‌ನಲ್ಲಿ ಪಟ್ಟಿಗಳಿವೆ. ಪಟ್ಟಿ ಓದಿ ಆಮೇಲೆ ಚಿತ್ರ ನೋಡಿದರೆ ಪಟ್ಟಿಯೇ ಕಾಣಿಸುತ್ತದೆ, ಚಿತ್ರ ಕಾಣಿಸುವುದಿಲ್ಲ. ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ಬಸವನಗುಡಿ ಓದುಗ

ಮೇಡಂ, ಗಡಿಯಾರಗಳ ಆ ಚಿತ್ರ, 'ದ ಪರ್ಸಿಸ್ಟೆನ್ಸ್ ಆಫ್ ಮೆಮರಿ', ಸ್ಪೇನ್‌ನಲ್ಲೇ ಇಲ್ಲ. 1931ರಲ್ಲಿ ಬರೆದದ್ದು. 1934ರಿಂದ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಮಗನಿಗೆ ಮೊದಲೇ ಹೇಳಿಬಿಡಿ, ಅಲ್ಲಿ ಹೋಗಿ ಬೇಜಾರಾಗುವುದು ಬೇಡ. ಬಾರ್ಸಿಲೋನಾ ನಗರದಲ್ಲಿ ಅಲ್ಲಿನವನೇ ಆದ ಇನ್ನೊಬ್ಬ ಚಿತ್ರಕಾರ ಮೀರೋನ ಚಿತ್ರಗಳು ಬೇಕಾದಷ್ಟಿವೆ. ಡಾಲಿ ಬೇಕೆಂದರೆ ಅವನು ಹುಟ್ಟಿದ ಊರು ಫಿಗೇರಸ್‌ಗೆ ಹೋಗಬೇಕು. ಬಾರ್ಸಿಲೋನಾದಿಂದ ವೇಗದ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ.

ಜಿರೋನಾ ವಾಸಿ

ಮೇಡಂ, ನಾನು ಶಿರಸಿ ಕಡೆಯವನು. ಧಾರವಾಡದಲ್ಲಿ ಚಿತ್ರಕಲೆ ಓದಿದೆ. ಈಗ ಜಿರೋನಾದಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಫಿಗೇರಸ್ ಇಲ್ಲಿಂದ ಸುಮಾರು 40 ಕಿಲೋಮೀಟರ್. ರಜೆ ಸಿಕ್ಕಾಗೆಲ್ಲ ಆ ಕಡೆ ಹೋಗುವುದು ರೂಢಿಯಾಗಿದೆ. ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬ ಹಿಡಿಸಿತು. ಅದಕ್ಕೆ ಉದ್ದ ಉತ್ತರ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಇರುವೆ, ಊರುಗೋಲು, ಮೊಟ್ಟೆ ಎಲ್ಲವನ್ನೂ ಸದ್ಯಕ್ಕೆ ಬಿಟ್ಟುಬಿಡಿ. ಡಾಲಿಯ ಯಾವ ಚಿತ್ರದ ಮುಂದೆ ನಿಂತರೂ ಮೊದಲು ಹಿಂದಿರುವ ನೆಲ ನೋಡಿ. ಬಂಡೆ, ಸಮುದ್ರ, ಬಯಲು, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಇಷ್ಟೇ. ಆ ನೆಲ ಕನಸಿನದ್ದಲ್ಲ. ನೀವು ರೈಲು, ಬಸ್ಸು ಹತ್ತಿ ಹೋಗಿ ನಿಲ್ಲಬಹುದಾದ ಜಾಗ.

ಮಗನ ಕೋಣೆಯ ಪೋಸ್ಟರನ್ನೇ ತೆಗೆದುಕೊಳ್ಳಿ. ಒಂದು ಗಡಿಯಾರ ಕಟ್ಟೆಯ ಅಂಚಿನಿಂದ ಜೋತಾಡುತ್ತಿದೆ, ಅದರ ಮೇಲೆ ನೊಣ ಕೂತಿದೆ. ಇನ್ನೊಂದು ಒಣಗಿದ ಆಲಿವ್ ಮರದ ಕೊಂಬೆಯ ಮೇಲೆ. ಮೂರನೆಯದು ನೆಲದ ಮೇಲೆ ಮಲಗಿದ, ಉದ್ದ ರೆಪ್ಪೆಯ ಮುಖದಂಥ ವಸ್ತುವಿನ ಮೇಲೆ. ನಾಲ್ಕನೆಯ ಗಡಿಯಾರ ಕರಗಿಲ್ಲ. ಕಿತ್ತಳೆ ಬಣ್ಣದ್ದು, ಮಗುಚಿ ಬಿದ್ದಿದೆ, ಅದಕ್ಕೆ ಇರುವೆ ಮುತ್ತಿದೆ. ಎಲ್ಲರ ಕಣ್ಣೂ ಇಲ್ಲೇ ನಿಂತುಬಿಡುತ್ತದೆ. ಈಗ ಬಲಗಡೆ ಮೇಲೆ ನೋಡಿ. ಸಮುದ್ರದ ಪಕ್ಕದಲ್ಲಿ ಬಿಸಿಲು ಬಿದ್ದ ಬಂಡೆಗಳಿವೆ, ಹಳದಿ ಬಣ್ಣದವು. ಆ ಬಂಡೆಗಳು ಕಾಪ್ ದ ಕ್ರೆಯುಸ್‌ನವು. ದ್ವೀಪಗಳನ್ನು ಬಿಟ್ಟರೆ ಸ್ಪೇನ್ ದೇಶದ ನೆಲ ಪೂರ್ವಕ್ಕೆ ಕೊನೆಯಾಗುವ ಜಾಗ ಅದು. ಅದರ ಹತ್ತಿರದ ಪೋರ್ಟ್‌ಲಿಗಾಟ್ ಎಂಬ ಚಿಕ್ಕ ಕೊಲ್ಲಿಯಲ್ಲಿ ಮೀನುಗಾರರ ಒಂದು ಗುಡಿಸಲನ್ನು ಡಾಲಿ 1930ರಲ್ಲಿ ಕೊಂಡ.

ಆ ಚಿತ್ರ ಆದದ್ದು ಹೇಗೆ ಅಂತ ಅವನೇ ಹೇಳಿಕೊಂಡಿದ್ದಾನೆ. ಅವತ್ತು ರಾತ್ರಿ ಮುಂದೆ ಹೆಂಡತಿಯಾದ ಗಾಲಾ ಗೆಳೆಯರ ಜೊತೆ ಸಿನಿಮಾಕ್ಕೆ ಹೋದಳು. ಇವನಿಗೆ ತಲೆನೋವು, ಮನೆಯಲ್ಲೇ ಉಳಿದ. ಊಟದ ಕೊನೆಗೆ ತಿಂದ ಕಮಾಂಬೇರ್ ಚೀಸ್ ತಟ್ಟೆಯಲ್ಲಿ ಮೆತ್ತಗಾಗಿ ಹರಿಯುತ್ತಿತ್ತು. ಮಲಗುವ ಮುಂಚೆ ಚಿತ್ರದ ಕೋಣೆಗೆ ಹೋದ. ಅಲ್ಲಿ ಪೋರ್ಟ್‌ಲಿಗಾಟ್‌ನ ಬಂಡೆ, ಸಂಜೆ ಬೆಳಕು, ಕೊಂಬೆ ಕಡಿದ ಆಲಿವ್ ಮರ ಇದ್ದ ಕ್ಯಾನ್ವಾಸು ಆಗಲೇ ಸಿದ್ಧವಾಗಿತ್ತು. ಇದರಲ್ಲಿ ಏನೋ ಬೇಕು, ಏನು ಅಂತ ತಿಳಿಯದೆ ನಿಂತಿದ್ದವನಿಗೆ ಮೆತ್ತನೆಯ ಗಡಿಯಾರ ಕಣ್ಣಿಗೆ ಕಟ್ಟಿತಂತೆ. ಐನ್‌ಸ್ಟೈನ್‌ನ ಸಿದ್ಧಾಂತ ಅಂತ ಜನ ಏನೇನೋ ಹೇಳುತ್ತಾರೆ. ಅವನು ಹೇಳಿದ್ದು ಬಿಸಿಲಿಗೆ ಕರಗುವ ಚೀಸ್ ಅಂತ. ನನಗೆ ಮುಖ್ಯ ಅನಿಸುವುದು ಬೇರೆ. ನೆಲ ಮೊದಲು ಬಂತು, ಗಡಿಯಾರ ಆಮೇಲೆ ಬಂತು. ಮಗನಿಗೆ ಇದನ್ನು ಖಂಡಿತ ಹೇಳಿ.

ಅಳತೆಯ ಮಾತನ್ನೂ ಹೇಳಲೇಬೇಕು, ಅದು ನನ್ನ ಕಸುಬು. ಆ ಚಿತ್ರ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ಎ4 ಹಾಳೆಗಿಂತ ಸ್ವಲ್ಪವೇ ದೊಡ್ಡದು. ನಿಮ್ಮ ಮನೆಯ ಪೋಸ್ಟರ್ ಅದಕ್ಕಿಂತ ದೊಡ್ಡದಿರಬಹುದು. ಅಷ್ಟು ಚಿಕ್ಕ ಜಾಗದಲ್ಲಿ ಇರುವೆಯ ಕಾಲು, ನೊಣದ ನೆರಳು ಎಲ್ಲ ತುಂಬಿದ್ದಾನೆ. ಸಣ್ಣ ಕುಂಚ, ಬಿಗಿಯಾದ ಕೈ. ಫಿಗೇರಸ್‌ನ ಡಾಲಿ ಮ್ಯೂಸಿಯಂನಲ್ಲಿ ಇದಕ್ಕಿಂತ ಚಿಕ್ಕದು ಒಂದಿದೆ, 'ದ ಸ್ಪೆಕ್ಟರ್ ಆಫ್ ಸೆಕ್ಸ್ ಅಪೀಲ್', 1934ರದ್ದು. ಬರೀ 18 ಸೆಂಟಿಮೀಟರ್ ಎತ್ತರ, 14 ಅಗಲ. ಮ್ಯೂಸಿಯಂನ ಗದ್ದಲದಲ್ಲಿ ಜನ ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ನೀವು ನಿಲ್ಲಿ. ಊರುಗೋಲಿನ ಮೇಲೆ ನಿಂತ ದೊಡ್ಡ ವಿಕಾರ ಆಕಾರ ಒಂದು, ಮೂಲೆಯಲ್ಲಿ ನಾವಿಕನ ಅಂಗಿ ತೊಟ್ಟು ಅದನ್ನೇ ನೋಡುತ್ತಿರುವ ಪುಟ್ಟ ಹುಡುಗ. ಹಿಂದೆ ಮತ್ತೆ ಅದೇ ಕ್ರೆಯುಸ್ ಬಂಡೆಗಳು, ಒಂದೊಂದು ಬಿರುಕೂ ಕಾಣುವ ಹಾಗೆ. ನನ್ನ ಮಟ್ಟಿಗೆ ಆ ಮ್ಯೂಸಿಯಂನ ಅತಿ ದೊಡ್ಡ ಚಿತ್ರ ಅದೇ.

ಈ ಬಂಡೆಗಳ ಬಗ್ಗೆ ಇನ್ನೊಂದು ಸ್ವಲ್ಪ. ಉತ್ತರದಿಂದ ತ್ರಮುಂತಾನ ಅನ್ನುವ ಗಾಳಿ ಬೀಸುತ್ತದೆ. ಶುರುವಾದರೆ ದಿನಗಟ್ಟಲೆ ನಿಲ್ಲುವುದಿಲ್ಲ, ಮಾತಾಡಿದ್ದು ಪಕ್ಕದವರಿಗೆ ಕೇಳಿಸುವುದಿಲ್ಲ. ಆ ಗಾಳಿ ಮತ್ತು ಉಪ್ಪುನೀರು ಸೇರಿ ಬಂಡೆಗಳನ್ನು ಕೊರೆದಿವೆ. ತೂತು, ಗುಳಿ, ಚೂಪು ಮೂಗು, ಕೊಕ್ಕು. ಅಲ್ಲಿನ ಮೀನುಗಾರರು ಒಂದೊಂದು ಬಂಡೆಗೆ ಒಂದೊಂದು ಹೆಸರಿಟ್ಟಿದ್ದರು: ಒಂಟೆ, ಹದ್ದು ಹೀಗೆ. ದೋಣಿಯಲ್ಲಿ ಹೋಗುವಾಗ ಒಂಟೆಯಾಗಿದ್ದದ್ದು ಸ್ವಲ್ಪ ದೂರ ಹೋದರೆ ಇನ್ನೇನೋ ಆಗುತ್ತದೆ. ಬಂಡೆ ಅಲ್ಲೇ ಇದೆ, ನೋಡುವವನು ಜರುಗಿದ್ದಾನೆ. ಡಾಲಿ ಚಿಕ್ಕಂದಿನಿಂದ ಈ ಆಟ ನೋಡಿಕೊಂಡು ಬೆಳೆದವನು. 1929ರಲ್ಲಿ ಬರೆದ 'ದ ಗ್ರೇಟ್ ಮಾಸ್ಟರ್ಬೇಟರ್' ಚಿತ್ರದ ದೊಡ್ಡ ಹಳದಿ ಮುಖ, ಮೂಗು ನೆಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿರುವುದು, ಅಲ್ಲಿನ ಒಂದು ಬಂಡೆಯ ಆಕಾರವೇ. ಮುಖಕ್ಕೆ ಮಿಡತೆ ಅಂಟಿಕೊಂಡಿದೆ. ಅವನಿಗೆ ಚಿಕ್ಕಂದಿನಿಂದ ಮಿಡತೆ ಕಂಡರೆ ಪ್ರಾಣಭಯ. ಗಡಿಯಾರದ ಚಿತ್ರದಲ್ಲಿ ನೆಲದ ಮೇಲೆ ಮಲಗಿರುವ ಮುಖವೂ ಇದೇ. 1929ರ ಆ ಚಿತ್ರ ಈಗ ಮ್ಯಾಡ್ರಿಡ್‌ನ ರೇನಾ ಸೋಫಿಯಾ ಮ್ಯೂಸಿಯಂನಲ್ಲಿದೆ.

ಒಂದೇ ಆಕಾರ ಎರಡಾಗಿ ಕಾಣುವ ಚಿತ್ರಗಳು ಬಂದದ್ದು ಇಲ್ಲಿಂದಲೇ ಅಂತ ನಾನು ನಂಬುತ್ತೇನೆ. 1937ರ 'ಮೆಟಮಾರ್ಫಸಿಸ್ ಆಫ್ ನಾರ್ಸಿಸಸ್' ನೋಡಿ, ಲಂಡನ್ನಿನ ಟೇಟ್‌ನಲ್ಲಿದೆ. ಎಡಗಡೆ ಹುಡುಗ ನೀರಿನ ಪಕ್ಕ ಮಂಡಿಗೆ ತಲೆಯಿಟ್ಟು ಕೂತಿದ್ದಾನೆ. ಬಲಗಡೆ ಕಲ್ಲಿನ ಕೈಯೊಂದು ಮೊಟ್ಟೆ ಹಿಡಿದಿದೆ, ಮೊಟ್ಟೆ ಬಿರಿದು ಹೂವು ಹೊರಟಿದೆ. ಎರಡರ ಅಂಚುಗೆರೆಯನ್ನು ಬೆರಳಲ್ಲಿ ಗಾಳಿಯಲ್ಲೇ ಎಳೆದು ನೋಡಿ. ತಲೆ ಇದ್ದಲ್ಲಿ ಮೊಟ್ಟೆ, ಕಾಲು ಕೈ ಇದ್ದಲ್ಲಿ ಬೆರಳುಗಳು. ಒಂದೇ ಗೆರೆ. 1938ರ ಜುಲೈನಲ್ಲಿ ಲಂಡನ್ನಿನಲ್ಲಿ ಮನೋವಿಶ್ಲೇಷಣೆಯ ಹರಿಕಾರ ಫ್ರಾಯ್ಡ್‌ನನ್ನು ಕಾಣಲು ಹೋದಾಗ ಡಾಲಿ ಈ ಚಿತ್ರವನ್ನೇ ಕೊಂಡೊಯ್ದ. ಅಲ್ಲಿಯವರೆಗೆ ಸರ್ರಿಯಲಿಸ್ಟರನ್ನು, ಅಂದರೆ ಡಾಲಿಯಂತೆ ಕನಸು, ಸುಪ್ತಮನಸ್ಸನ್ನು ಬರೆಯುವವರನ್ನು, ಬರೀ ಹುಚ್ಚರು ಅಂದುಕೊಂಡಿದ್ದ ಮುದುಕ, ಈ ಯುವಕನ ಕಣ್ಣು, ಕೈಚಳಕ ಕಂಡು ಅಭಿಪ್ರಾಯ ಬದಲಿಸಿಕೊಳ್ಳಬೇಕು ಅನಿಸಿದೆ ಅಂತ ಮಾರನೇ ದಿನ ಕಾಗದ ಬರೆದ. ಕೈಚಳಕ ಅಂದನಲ್ಲ, ಅದನ್ನು ಗಮನಿಸಿ.

ಆ ಕೈ ಎಷ್ಟು ಪಳಗಿತ್ತು ಅಂತ ತಿಳಿಯಬೇಕಾದರೆ ಫಿಗೇರಸ್‌ನಲ್ಲೇ ಇರುವ 'ಬಾಸ್ಕೆಟ್ ಆಫ್ ಬ್ರೆಡ್' ನೋಡಿ. 1945ರದ್ದು. ಕಪ್ಪು ಹಿನ್ನೆಲೆ, ಮರದ ಮೇಜಿನ ತುದಿ, ಬೆತ್ತದ ಬುಟ್ಟಿ, ಕತ್ತರಿಸಿದ ಅರ್ಧ ಬ್ರೆಡ್. ಅಷ್ಟೇ. ಇರುವೆ ಇಲ್ಲ, ಊರುಗೋಲಿಲ್ಲ. ಬುಟ್ಟಿ ಮೇಜಿನ ತೀರಾ ಅಂಚಿನಲ್ಲಿದೆ. ಇನ್ನೊಂದಿಷ್ಟು ಜರುಗಿದರೆ ಬೀಳುತ್ತದೆ. ಬ್ರೆಡ್ಡಿನ ಸಿಪ್ಪೆ ಎಲ್ಲಿ ಒಡೆದಿದೆ, ಒಳಗಿನ ಮೆತ್ತನೆ ಭಾಗದ ಮೇಲೆ ಬೆಳಕು ಎಲ್ಲಿ ನಿಂತಿದೆ ನೋಡಿ. ಇದಕ್ಕೆ ಎರಡು ತಿಂಗಳು, ದಿನಕ್ಕೆ ನಾಲ್ಕು ಗಂಟೆ ಕೂತೆ ಅಂತ ಅವನು ಹೇಳಿದ್ದ. ಚಿತ್ರ ಕಲಿಯುವ ಹುಡುಗನಿಗೆ ಗಡಿಯಾರಕ್ಕಿಂತ ಇದು ಜಾಸ್ತಿ ಕಲಿಸುತ್ತದೆ.

ಅದೇ ಮ್ಯೂಸಿಯಂನಲ್ಲಿ ಜನ ಮುಗಿಬೀಳುವ ಚಿತ್ರಗಳು ಬೇರೆ ಇವೆ. ಗೋಲಿಗಳಲ್ಲಿ ಗಾಲಾಳ ಮುಖ ಮೂಡುವ 'ಗಾಲಟಿಯಾ ಆಫ್ ದ ಸ್ಫಿಯರ್ಸ್' (1952), ಹತ್ತಿರದಿಂದ ಸಮುದ್ರ ನೋಡುವ ಹೆಂಗಸು, ದೂರದಿಂದ ಅಬ್ರಹಾಂ ಲಿಂಕನ್ ಆಗುವ ಚಿತ್ರ. ನೋಡಿ, ಚೆನ್ನಾಗಿವೆ. ನನ್ನನ್ನು ಅವು ಅಷ್ಟು ಹಿಡಿದು ನಿಲ್ಲಿಸುವುದಿಲ್ಲ. ಕೊನೆಗಾಲದ ದೊಡ್ಡ ದೊಡ್ಡ ಕ್ಯಾನ್ವಾಸುಗಳಲ್ಲಿ ನನಗೆ ನಿಜವಾಗಿ ಇಷ್ಟವಾಗುವುದು 1951ರ ಶಿಲುಬೆಯ ಕ್ರಿಸ್ತ, ಗ್ಲಾಸ್ಗೋದ ಕೆಲ್ವಿನ್‌ಗ್ರೋವ್‌ನಲ್ಲಿದೆ. ಕ್ರಿಸ್ತನನ್ನು ಮೇಲಿನಿಂದ ನೋಡಿದ ಹಾಗೆ ಬರೆದಿದ್ದಾನೆ. ಮೊಳೆ ಇಲ್ಲ, ರಕ್ತ ಇಲ್ಲ. ಕೆಳಗೆ ಏನಿದೆ ಹೇಳಿ? ಪೋರ್ಟ್‌ಲಿಗಾಟ್ ಕೊಲ್ಲಿ, ದೋಣಿ, ಮೀನುಗಾರರು. ದೇವರನ್ನು ಬರೆಯುವಾಗಲೂ ತನ್ನ ಮನೆ ಮುಂದಿನ ನೀರನ್ನು ಬಿಡಲಿಲ್ಲ.

ಕಬ್ಬನ್ ಪೇಟೆ

ಒಳ್ಳೆ ಉತ್ತರ ಸರ್. ಆನೆ ವಿಷಯ ಬಂತಲ್ಲ, ಅದಕ್ಕೆ ನಮ್ಮ ಊರಿನ ನಂಟೊಂದಿದೆ. 1967ರಲ್ಲಿ ಏರ್ ಇಂಡಿಯಾದವರು ತಮ್ಮ ಪ್ರಯಾಣಿಕರಿಗೆ ಕೊಡಲು ಡಾಲಿಯಿಂದ ಆಶ್‌ಟ್ರೇ ವಿನ್ಯಾಸ ಮಾಡಿಸಿದರು. ಬಿಳಿ ಪಿಂಗಾಣಿಯದು. ಮೇಲೆ ಚಿಪ್ಪಿನಂಥ ಬಟ್ಟಲು, ಅಂಚಿಗೆ ಸುತ್ತಿದ ಹಾವು. ಕೆಳಗಿನ ಆಧಾರದಲ್ಲಿ ಹಂಸ ಇದೆ, ತಲೆಕೆಳಗು ಮಾಡಿದರೆ ಅದೇ ಆನೆ ತಲೆಯಾಗುತ್ತದೆ. ಕೂಲಿಯಾಗಿ ಏನು ಬೇಕು ಅಂದಾಗ ಡಾಲಿ ಒಂದು ಆನೆಮರಿ ಕೇಳಿದ. ಏರ್ ಇಂಡಿಯಾ ಬೆಂಗಳೂರಿನಿಂದಲೇ ಮರಿಯಾನೆ ಮತ್ತು ಒಬ್ಬ ಮಾವುತನನ್ನು ವಿಮಾನದಲ್ಲಿ ಜಿನೀವಾಕ್ಕೆ ಕಳಿಸಿತು. ಅಲ್ಲಿಂದ ಲಾರಿಯಲ್ಲಿ ಡಾಲಿಯ ಊರಿಗೆ. ಆಮೇಲೆ ಅದು ವಲೆನ್ಸಿಯಾದ ಮೃಗಾಲಯ ಸೇರಿತು.

ಆ ಮರಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ತಾಯಿಯನ್ನು, ಕಾಡನ್ನು ಬಿಟ್ಟು ಅಷ್ಟು ದೂರ. ಕಲಾವಿದನ ಹಟಕ್ಕೆ ಪ್ರಾಣಿಯನ್ನು ಕೊಟ್ಟದ್ದು ಸರಿಯಲ್ಲ.

ಜಿರೋನಾ ವಾಸಿ

ಸಂಕಟ ನನಗೂ ಆಗುತ್ತದೆ ಸರ್. ಅವನಿಗೆ ಆನೆ ಬೇಕಿದ್ದದ್ದು ನೋಟಕ್ಕೆ, ಸಾಕುವುದಕ್ಕಲ್ಲ.

ನೀವು ಹೇಳಿದ ಆಶ್‌ಟ್ರೇಯ ಮೂಲ 1937ರ ಚಿತ್ರದಲ್ಲಿದೆ, 'ಸ್ವಾನ್ಸ್ ರಿಫ್ಲೆಕ್ಟಿಂಗ್ ಎಲಿಫೆಂಟ್ಸ್'. ಕೊಳದಲ್ಲಿ ಮೂರು ಹಂಸ, ಹಿಂದೆ ಎಲೆ ಉದುರಿದ ಮರಗಳು. ನೀರಿನ ನೆರಳಲ್ಲಿ ಹಂಸದ ಕುತ್ತಿಗೆ ಸೊಂಡಿಲಾಗುತ್ತದೆ, ರೆಕ್ಕೆ ಕಿವಿಯಾಗುತ್ತದೆ, ಮರದ ಬೊಡ್ಡೆ ಕಾಲಾಗುತ್ತದೆ. ಕಡ್ಡಿ ಕಾಲಿನ ಆನೆಗಳು ಬಂದದ್ದು ಆಮೇಲೆ, 1946ರ 'ದ ಟೆಂಪ್ಟೇಶನ್ ಆಫ್ ಸೇಂಟ್ ಆಂಟನಿ'ಯಲ್ಲಿ ಅವು ಸಾಲಾಗಿ ಬರುತ್ತವೆ. ಅದು ಬ್ರಸೆಲ್ಸ್‌ನಲ್ಲಿದೆ.

ಹುಬ್ಬಳ್ಳಿ ಓಣಿ

ನೆಲ, ಬಂಡೆ, ಕೈಚಳಕ ಎಲ್ಲ ಒಪ್ಪಿದೆ. ಒಂದು ಮಾತು ಬಿಟ್ಟುಹೋಯಿತು. ಕವಿ ಲೋರ್ಕಾ ಇವನ ಜೀವದ ಗೆಳೆಯ, ಮ್ಯಾಡ್ರಿಡ್‌ನಲ್ಲಿ ಓದುವ ದಿನಗಳಲ್ಲಿ ಕೂಡಿ ಇದ್ದವರು. 1936ರ ಆಗಸ್ಟ್‌ನಲ್ಲಿ ಸ್ಪೇನ್‌ನ ಅಂತರ್ಯುದ್ಧ ಶುರುವಾದಾಗ, ಮುಂದೆ ಸರ್ವಾಧಿಕಾರಿಯಾದ ಫ್ರಾಂಕೋ ಕಡೆಯವರು ಲೋರ್ಕಾನನ್ನು ಗುಂಡಿಟ್ಟು ಕೊಂದರು. ಅದಾದ ಮೇಲೂ ಡಾಲಿ ಫ್ರಾಂಕೋನನ್ನು ಹೊಗಳಿದ. ಪಿಕಾಸೊ ಫ್ರಾಂಕೋ ಇರುವ ತನಕ ಸ್ಪೇನ್‌ಗೆ ಕಾಲಿಡಲಿಲ್ಲ. ಎಳೆ ಹುಡುಗನಿಗೆ ಡಾಲಿಯನ್ನು ತೋರಿಸುವಾಗ ಇದನ್ನೂ ಹೇಳಬೇಕಲ್ವಾ?

ಜಿರೋನಾ ವಾಸಿ

ಖಂಡಿತ ಹೇಳಬೇಕು. ಇಲ್ಲಿ ಕೆಲಸ ಮಾಡುವ ನನಗೆ ಅದು ದಿನವೂ ಕಿವಿಗೆ ಬೀಳುವ ಮಾತು. ಅಜ್ಜನನ್ನು ಆ ಯುದ್ಧದಲ್ಲಿ ಕಳೆದುಕೊಂಡ ಮನೆಗಳು ಇಲ್ಲಿ ಬಹಳ. ಡಾಲಿಯ ಹೆಸರೆತ್ತಿದರೆ ಮುಖ ತಿರುಗಿಸುವ ಹಿರಿಯರನ್ನು ನೋಡಿದ್ದೇನೆ, ಅವರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಅವನು ಆಡಿದ ಮಾತಿಗೆ ಸಮಜಾಯಿಷಿ ಕೊಡಲು ನನಗೆ ಮನಸ್ಸಿಲ್ಲ.

ಚಿತ್ರವೊಂದು ಮಾತ್ರ ಇದೆ. 'ಸಾಫ್ಟ್ ಕನ್‌ಸ್ಟ್ರಕ್ಷನ್ ವಿತ್ ಬಾಯಿಲ್ಡ್ ಬೀನ್ಸ್', 1936ರದ್ದು, ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಒಂದೇ ದೇಹ ತನ್ನನ್ನು ತಾನೇ ಹರಿದುಕೊಳ್ಳುತ್ತಿದೆ. ಒಂದು ಕೈ ತನ್ನದೇ ಮೊಲೆಯನ್ನು ಹಿಂಡುತ್ತಿದೆ, ಮುಖ ನೋವಿನಿಂದ ಕಿವುಚಿ ಆಕಾಶ ನೋಡುತ್ತಿದೆ. ಕೆಳಗೆ ಬೇಯಿಸಿದ ಕಾಳು ಚೆಲ್ಲಿದೆ. ಎಡಗಡೆ, ನೆಲಕ್ಕೂರಿದ ಆ ದೊಡ್ಡ ಕೈಯ ಹಿಂದೆ, ಬಗ್ಗಿ ನೋಡುತ್ತಿರುವ ಒಬ್ಬ ಪುಟ್ಟ ಮನುಷ್ಯ ಇದ್ದಾನೆ, ಹುಡುಕಿದರೆ ಮಾತ್ರ ಸಿಗುತ್ತಾನೆ. ಯುದ್ಧ ಶುರುವಾಗುವ ಆರು ತಿಂಗಳ ಮುಂಚೆಯೇ ಬರೆದೆ ಅಂತ ಡಾಲಿ ಹೇಳಿಕೊಂಡ, ಅಂತರ್ಯುದ್ಧದ ಮುನ್ಸೂಚನೆ ಅಂತ ಹೆಸರಿಗೆ ಸೇರಿಸಿದ. ಆ ಮಾತನ್ನು ಪಕ್ಕಕ್ಕಿಡೋಣ. ಕೆಳಗೆ ಚಾಚಿರುವ ಬಯಲು ಎಂಪುರ್ದಾದ್ದು, ಫಿಗೇರಸ್ ಸುತ್ತಲಿನ ಬಯಲು. ಅವನು ಹುಟ್ಟಿದ ನೆಲದ ಮೇಲೆ ಆ ದೇಹ ನಿಂತಿದೆ. ಬಾಯಲ್ಲಿ ಏನು ಹೇಳಿದರೂ ಇಲ್ಲಿ ಅವನ ಕೈ ಸುಳ್ಳು ಹೇಳಿಲ್ಲ ಅಂತ ನನ್ನ ಅಭಿಪ್ರಾಯ. ಯುದ್ಧದ ಬಗ್ಗೆ ಹುಡುಗನ ಜೊತೆ ಮಾತು ತೆಗೆಯಲು ಈ ಚಿತ್ರದಿಂದಲೇ ಶುರು ಮಾಡಬಹುದು.

ಸರಸ್ವತಿಪುರಂ

ಎಲ್ಲರಿಗೂ ಧನ್ಯವಾದ. ಉತ್ತರಗಳನ್ನು ಮಗನಿಗೆ ಓದಿ ಹೇಳಿದೆ. ಗಡಿಯಾರ ನ್ಯೂಯಾರ್ಕ್‌ನಲ್ಲಿದೆ ಅಂದಾಗ ಮುಖ ಸಣ್ಣಗಾಯಿತು, ಬಂಡೆಗಳ ವಿಷಯ ಕೇಳಿ ಎದ್ದು ಹೋಗಿ ಪೋಸ್ಟರ್‌ನಲ್ಲಿ ಹುಡುಕಿದ. ಈಗ ಅವನಿಗೆ ಆ ಜಾಗಕ್ಕೇ ಹೋಗಬೇಕಂತೆ. ಫಿಗೇರಸ್, ಪೋರ್ಟ್‌ಲಿಗಾಟ್, ಅದರ ಪಕ್ಕದ ಊರು ಕದಕೆಸ್ ಎಲ್ಲ ಒಂದೇ ದಿನದಲ್ಲಿ ಆಗುತ್ತದೆಯೇ? ಅಕ್ಕನ ಮನೆಯಲ್ಲಿ ಕಾರಿಲ್ಲ.

ಜಿರೋನಾ ವಾಸಿ

ಒಂದೇ ದಿನಕ್ಕೆ ತುರುಕಬೇಡಿ ಮೇಡಂ. ಎರಡು ದಿನ ಇಟ್ಟುಕೊಳ್ಳಿ.

ಮೊದಲ ದಿನ ಬೆಳಿಗ್ಗೆ ರೈಲಿನಲ್ಲಿ ಫಿಗೇರಸ್. ಮ್ಯೂಸಿಯಂ ಬಾಗಿಲು ತೆಗೆಯುವ ಹೊತ್ತಿಗೇ ಒಳಗೆ ಹೋಗಿ, ಆಮೇಲೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಆ ಕಟ್ಟಡ ಊರಿನ ಹಳೇ ನಾಟಕಶಾಲೆ. ಅಂತರ್ಯುದ್ಧದ ಕೊನೆಯಲ್ಲಿ ಸುಟ್ಟು ಹಾಳುಬಿದ್ದಿತ್ತು. ಡಾಲಿಯೇ ನಿಂತು ಮ್ಯೂಸಿಯಂ ಮಾಡಿಸಿ 1974ರಲ್ಲಿ ತೆರೆದ. ಅವನ ಸಮಾಧಿಯೂ ಅಲ್ಲೇ ಇದೆ, ರಂಗದ ಕೆಳಗೆ. ಅಂಗಳದಲ್ಲಿ ಒಳಗೇ ಮಳೆ ಸುರಿಯುವ ಕ್ಯಾಡಿಲಾಕ್ ಕಾರು ಇದೆ, ಹುಡುಗರಿಗೆ ಖುಷಿ. ಕರಗುವ ಗಡಿಯಾರಗಳನ್ನು ನೇಯ್ದ ಒಂದು ದೊಡ್ಡ ಪರದೆಯೂ ಮ್ಯೂಸಿಯಂನಲ್ಲಿದೆ. ಮೂಲ ಚಿತ್ರ ಇಲ್ಲದಿದ್ದರೂ ಮಗನಿಗೆ ಅಷ್ಟು ಸಮಾಧಾನವಾದೀತು.

ಮಧ್ಯಾಹ್ನ ಬಸ್ಸಿನಲ್ಲಿ ಕದಕೆಸ್. ಗುಡ್ಡ ಹತ್ತಿ ಇಳಿಯುವ ದಾರಿ, ತಿರುವು ಜಾಸ್ತಿ. ವಾಂತಿ ಬರುವವರಿದ್ದರೆ ಮುಂದಿನ ಸೀಟು ಹಿಡಿಯಿರಿ. ರಾತ್ರಿ ಅಲ್ಲೇ ಉಳಿಯಿರಿ. ಡಾಲಿಯ ಅಪ್ಪನ ಬೇಸಿಗೆ ಮನೆ ಇದ್ದದ್ದು ಈ ಊರಲ್ಲೇ. 1925ರಲ್ಲಿ ತಂಗಿ ಆನಾ ಮರಿಯಾ ಕಿಟಕಿಯಲ್ಲಿ ಮೊಣಕೈಯೂರಿ ನಿಂತದ್ದನ್ನು ಹಿಂದಿನಿಂದ ನೋಡಿ ಬರೆದ ಚಿತ್ರವೊಂದಿದೆ, 'ಫಿಗರ್ ಅಟ್ ಎ ವಿಂಡೋ'. ಅವಳ ಮುಖ ಕಾಣುವುದಿಲ್ಲ. ಅವಳು ನೋಡುತ್ತಿರುವ ಕೊಲ್ಲಿ ಕದಕೆಸ್‌ನದು. ಮೂಲ ಚಿತ್ರ ಮ್ಯಾಡ್ರಿಡ್‌ನಲ್ಲಿದೆ, ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ, ಆ ನೀರನ್ನು ಪಕ್ಕದಲ್ಲಿಟ್ಟು ನೋಡಿ.

ಎರಡನೇ ದಿನ ಪೋರ್ಟ್‌ಲಿಗಾಟ್. ಕದಕೆಸ್‌ನಿಂದ ನಡೆದೇ ಹೋಗಬಹುದು. ಡಾಲಿಯ ಮನೆಯೊಳಗೆ ಒಂದು ಸಲಕ್ಕೆ ಕೆಲವೇ ಜನರನ್ನು ಬಿಡುತ್ತಾರೆ, ಹಾಗಾಗಿ ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ಮಾಡಿಸಲೇಬೇಕು. ಮೇ ತಿಂಗಳಾದರೆ ಈಗಲೇ ನೋಡಿಡಿ. ಒಳಗೆ ಅವನು ಚಿತ್ರ ಬರೆಯುತ್ತಿದ್ದ ಕೋಣೆ ಇದೆ. ನೆಲದಲ್ಲಿ ಉದ್ದ ಸೀಳು ಬಿಟ್ಟು, ದೊಡ್ಡ ಕ್ಯಾನ್ವಾಸನ್ನು ಮೇಲೆ ಕೆಳಗೆ ಇಳಿಸುವ ಏರ್ಪಾಡು ಮಾಡಿಕೊಂಡಿದ್ದ. ಏಣಿ ಹತ್ತದೆ ಕೂತಲ್ಲೇ ಬರೆಯಬಹುದು. ಮಗನಿಗೆ ಅದನ್ನು ತೋರಿಸಿ, ಕುಂಚ ಹಿಡಿಯುವವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಸಮಯ ಉಳಿದರೆ ಕಾಪ್ ದ ಕ್ರೆಯುಸ್‌ವರೆಗೆ ನಡೆಯಿರಿ, ದಾರಿ ಇದೆ. ಒಂದು ಬದಿಗೇ ಕೆಲವು ತಾಸು ಬೇಕು, ನೀರು, ಟೋಪಿ, ಒಳ್ಳೆ ಶೂ ಇರಲಿ. ತ್ರಮುಂತಾನ ಬೀಸುವ ದಿನವಾದರೆ ಅಂಚಿನ ಬಂಡೆಗಳ ಮೇಲೆ ಹುಡುಗನನ್ನು ಹತ್ತಲು ಬಿಡಬೇಡಿ. ಆಕಾಶ ಮಾತ್ರ ಅವತ್ತು ತೊಳೆದಿಟ್ಟಷ್ಟು ಚೊಕ್ಕವಾಗಿರುತ್ತದೆ, ದೂರದ ಬಂಡೆಯ ಅಂಚೂ ಕತ್ತರಿಸಿದಂತೆ ಕಾಣುತ್ತದೆ. ಜಿರೋನಾದಲ್ಲಿ ಇಳಿಯುವುದಿದ್ದರೆ ಇಲ್ಲೇ ಒಂದು ಸಂದೇಶ ಹಾಕಿ, ಅಂಗಡಿಗೆ ಬನ್ನಿ. ಅವನು ಬಿಡಿಸಿದ್ದು ಒಂದೆರಡಿದ್ದರೆ ತರಲಿ, ನೋಡೋಣ.